ಮಡಿಕೇರಿಯ ಬೋರ್ಡಿಲ್ಲದ ಅಂಗಡಿಯಲ್ಲಿ ಜೀನ್ಸ್ ಆಲ್ಟ್ರೇಷನ್

ಮೊದಲೇ ಹೇಳಿಬಿಡುತ್ತೇನೆ. ಜೀನ್ಸ್ ಸೊಂಟ ಹಿಡಿಸುವುದಕ್ಕೆ ಮಡಿಕೇರಿಯಲ್ಲಿ ನಾನು ಇನ್ನು ಬೇರೆ ಅಂಗಡಿ ಹುಡುಕುವುದಿಲ್ಲ. ಉದ್ದ ಕಡಿಮೆ ಮಾಡಿಸುವುದಕ್ಕೂ ಅಷ್ಟೇ. ಜಿಪ್ ಹಾಕಿಸುವುದಕ್ಕೆ ಮಾತ್ರ ಇಲ್ಲಿಗೆ ಬರಬೇಡಿ. ಅದರ ಕತೆ ಆಮೇಲೆ.

ಅಂಗಡಿಗೆ ಬೋರ್ಡಿಲ್ಲ. ಮಹದೇವಪೇಟೆ ರಸ್ತೆಯಿಂದ ಕೆಳಗೆ ಇಳಿಯುವ ಓಣಿಗಳಲ್ಲಿ ಒಂದರಲ್ಲಿದೆ. ಬಾಗಿಲಿಗೆ ಶಾಲೆ ಯೂನಿಫಾರಂ ಸಾಲಾಗಿ ನೇತುಹಾಕಿರುತ್ತಾರೆ, ಪಕ್ಕದಲ್ಲೇ ಒಂದೆರಡು ಕರಿ ಕುಪ್ಯ, ಅಂದರೆ ಕೊಡವ ಗಂಡಸರ ಉದ್ದ ಕೋಟು. ಕುಪ್ಯ ನೋಡಿ, ಇದು ಬರೀ ಮದುವೆ ಬಟ್ಟೆ ಹೊಲಿಯುವ ಜಾಗ ಅಂದುಕೊಂಡು ಎಷ್ಟೋ ಜನ ಹಾಗೇ ಮುಂದೆ ಹೋಗುತ್ತಾರಂತೆ. ಒಳಗೆ ಒಂದು ಕಾಲಲ್ಲಿ ತುಳಿಯುವ ಮೆಷಿನ್, ಒಂದು ಕರೆಂಟಿನ ಮೆಷಿನ್, ಮೂಲೆಯಲ್ಲಿ ಬಟ್ಟೆ ಅಂಚಿನ ಎಳೆ ಬಿಡದ ಹಾಗೆ ಹೊಲಿಯುವ ಓವರ್‌ಲಾಕ್, ಇಸ್ತ್ರಿ ಮೇಜು. ವಯಸ್ಸಾದ ಮಾಸ್ಟ್ರು ಒಬ್ಬರು, ಕಾಜಾ ಗುಂಡಿ ನೋಡಿಕೊಳ್ಳುವ ಹುಡುಗ ಒಬ್ಬ. ಅಷ್ಟೇ.

ನನ್ನ ಸಮಸ್ಯೆ ಬಹಳ ಹೆಂಗಸರಿಗೆ ಗೊತ್ತಿರುವುದೇ. ನಾನು ಐದಡಿ ಒಂದಿಂಚು. ಸೊಂಟ ಸಣ್ಣ, ಸೀಟ್ ಅಂದರೆ ಹಿಂಭಾಗ ಅಗಲ. ಸೀಟಿಗೆ ಸರಿಯಾದ ಜೀನ್ಸ್ ತಗೊಂಡರೆ ಹಿಂದೆ ಸೊಂಟದ ಹತ್ತಿರ ಮುಷ್ಟಿ ಹೋಗುವಷ್ಟು ಗ್ಯಾಪ್. ಸೊಂಟಕ್ಕೆ ಸರಿಯಾದದ್ದು ತೊಡೆ ದಾಟುವುದೇ ಇಲ್ಲ. ಬೆಲ್ಟ್ ಬಿಗಿದರೆ ಬಟ್ಟೆ ಹಿಂದೆ ನೆರಿಗೆ ಬಿದ್ದು ಬೆನ್ನಿಗೆ ಒತ್ತುತ್ತದೆ. ನನಗೆ ದಿನಾ ತೋಟದಲ್ಲಿ ಬಗ್ಗಿ ಏಳುವ ಕೆಲಸ, ಮೂರ್ನಾಡಿನಿಂದ ಮಡಿಕೇರಿಗೆ ಸ್ಕೂಟರಿನಲ್ಲಿ ಓಡಾಟ. ಟೀ ಶರ್ಟ್ ಕೆಳಗೆ ಎಳೆದುಕೊಳ್ಳುವುದೇ ಒಂದು ಕೆಲಸವಾಗಿಬಿಡುತ್ತದೆ.

ಇನ್ನು ಉದ್ದ. ಹೆಂಗಸರ ಜೀನ್ಸ್‌ನಲ್ಲಿ ಸೊಂಟಕ್ಕೆ ಸೈಜ್ ಇರುತ್ತದೆ, ಉದ್ದ ಬಹುಪಾಲು ಒಂದೇ. ಬೇರೆ ಊರಲ್ಲಾದರೆ ಮಡಚಿ ಹಾಕಿಕೊಂಡು ಸುಮ್ನೆ ಇರಬಹುದು. ಇಲ್ಲಿ ಜೂನ್ ಬಂತೆಂದರೆ ಹಿಮ್ಮಡಿ ಕೆಳಗೆ ಸಿಕ್ಕಿದ ಜೀನ್ಸ್ ನೀರು ಹೀರಿ ಹೀರಿ ಮಂಡಿವರೆಗೆ ಒದ್ದೆ ಮಾಡುತ್ತದೆ. ಮಡಚಿದ ಜಾಗದಲ್ಲಿ ಕೆಸರು ತುಂಬಿಕೊಳ್ಳುತ್ತದೆ, ಕೆಲವು ಸಲ ಜಿಗಣೆಯೂ. ಗಂಬೂಟ್ ಒಳಗೆ ತುರುಕೋಣ ಅಂದರೆ ಅಗಲ ಬಾಟಮ್ ಗುಪ್ಪೆಯಾಗಿ ಕಣಕಾಲಿಗೆ ಒತ್ತುತ್ತದೆ. ಫಿಟ್ಟಿಂಗ್ ಅಂದರೆ ಬರೀ ಚಂದ ಕಾಣುವ ಆಸೆ ಅನ್ನುವವರು ಒಂದು ಮಳೆಗಾಲ ತೋಟದಲ್ಲಿ ಕಳೆಯಬೇಕು.

ಇದಕ್ಕೆ ಮುಂಚೆ ಬೇರೊಂದು ಕಡೆ ಒಂದು ಒಳ್ಳೆ ಪ್ಯಾಂಟ್ ಕೊಟ್ಟಿದ್ದೆ. ಹೆಸರು ಬೇಡ. ಸೊಂಟಪಟ್ಟಿ ಬಿಚ್ಚದೆ ಹಿಂದೆ ಎಡಕ್ಕೊಂದು ಬಲಕ್ಕೊಂದು ಡಾರ್ಟ್, ಅಂದರೆ ಚೂಪು ಮಡಿಕೆ, ಹಿಡಿದು ಕೊಟ್ಟರು. ಪಟ್ಟಿಯ ದಪ್ಪ ಬಟ್ಟೆ ಮಡಿಕೆಯಾಗಿ ಒಳಗೆ ಗಂಟು ಕಟ್ಟಿಕೊಂಡಿತು. ಜೇಬುಗಳು ಮೇಲ್ಗಡೆ ಬಾಯಿ ಬಿಟ್ಟುಕೊಂಡವು. ಕೆಳಗೆ ಅಂಚು ಕತ್ತರಿಸಿ ತೆಳು ನೀಲಿ ದಾರದಲ್ಲಿ ಒಂದು ಹೊಲಿಗೆ ಎಳೆದಿದ್ದರು. ಕಾಲು ಸೇರುವ ಜೋಡಣೆ ದಪ್ಪಗಿರುತ್ತದಲ್ವಾ, ಆ ಜಾಗದಲ್ಲಿ ಹೊಲಿಗೆ ತಪ್ಪಿ ತಪ್ಪಿ ಹೋಗಿತ್ತು. ಕೇಳಿದರೆ, ‘ಜೀನ್ಸ್ ಅಂದ್ರೆ ಹಾಗೇ ಮೇಡಂ’ ಅಂದರು. ಜೀನ್ಸ್ ಅಂದರೆ ಹಾಗಲ್ಲ.

ಬೋರ್ಡಿಲ್ಲದ ಅಂಗಡಿಗೆ ಹೋದಾಗ ನನ್ನ ಚೀಲದಲ್ಲಿ ಹೊಸ ಪ್ಯಾಂಟ್ ಇತ್ತು. ಮಾಸ್ಟ್ರು ಅದನ್ನು ಕೈಗೆ ತಗೊಂಡು ಬಟ್ಟೆಯನ್ನು ಹೆಬ್ಬೆರಳಲ್ಲಿ ತಿಕ್ಕಿ ನೋಡಿದರು. ಟೇಪು ಮುಟ್ಟಲೇ ಇಲ್ಲ.

‘ಒಗೆದಿದ್ದೀರೇನಮ್ಮ?’

‘ಇಲ್ಲ ಮಾಸ್ಟ್ರೇ, ಮೊನ್ನೆ ತಾನೇ ಕೊರಿಯರ್‌ನಲ್ಲಿ ಬಂದಿದ್ದು.’

‘ಹಾಗಾದ್ರೆ ಒಗೆದು ಒಣಗಿಸಿ ತನ್ನಿ. ನಾನು ಇವತ್ತು ಕತ್ತರಿಸಿ ಕೊಡ್ತೀನಿ, ನಾಳೆ ನೀರಿಗೆ ಬಿದ್ದು ಅದು ಇನ್ನೊಂದಿಷ್ಟು ಕತ್ತರಿಸಿಕೊಳ್ಳುತ್ತೆ. ಆಮೇಲೆ ಬೈಯೋದು ನನ್ನನ್ನ.’

ಮಾತು ಸರಿ. ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಎಷ್ಟೋ ಅಷ್ಟು ಕುಗ್ಗುತ್ತದೆ, ಜಾಸ್ತಿ ಉದ್ದದಲ್ಲಿ. ಮಿಲ್ಲಿನಲ್ಲೇ ಕುಗ್ಗಿಸಿ ಬಂದ ಡೆನಿಮ್ ಆದರೆ ಒಂದೆರಡು ಪರ್ಸೆಂಟ್, ಹಾಗೆ ಮಾಡದ ಗಟ್ಟಿ ಬಟ್ಟೆಯಾದರೆ ಹತ್ತರವರೆಗೂ ಹೋಗಬಹುದು. ಆದರೆ ಮಾಸ್ಟ್ರು ಈ ಮಾತು ಹೇಳಿದ್ದು ಜುಲೈ ತಿಂಗಳಲ್ಲಿ. ಜುಲೈನಲ್ಲಿ ಕೊಡಗಿನವರಿಗೆ ಜೀನ್ಸ್ ಒಣಗಿಸಿ ತನ್ನಿ ಅನ್ನುವುದೆಂದರೆ! ಹೊರಗೆ ಹಾಕುವ ಹಾಗಿಲ್ಲ, ಒಳಗೆ ಹಾಕಿದರೆ ಸೊಂಟಪಟ್ಟಿಯ ಹತ್ತಿರ ಬೂಸಲು. ಕೊನೆಗೆ ಬಚ್ಚಲ ಒಲೆ ಮೇಲಿನ ಹಗ್ಗಕ್ಕೆ ಹಾಕಿ, ಹೊಗೆ ವಾಸನೆ ಸಮೇತ ತಗೊಂಡು ಹೋದೆ. ಮಾಸ್ಟ್ರು ಮೂಸಿ ನೋಡಿ ನಕ್ಕರು. ಆಮೇಲೆ ಟೇಪು ಕೈಗೆ ಬಂತು.

ಅಳತೆ ತೆಗೆದ ರೀತಿಗೇ ನಾನು ಅರ್ಧ ದುಡ್ಡು ಕೊಟ್ಟುಬಿಡುತ್ತಿದ್ದೆ. ಮೂಲೆಯಲ್ಲಿ ಒಂದು ಪರದೆ ಇದೆ, ಅದರ ಹಿಂದೆ ಹಾಕಿಕೊಂಡು ಬರಬೇಕು. ಮೊದಲು ಕೇಳಿದ್ದು, ‘ದಿನಾ ಕಾಲಿಗೆ ಏನು ಹಾಕ್ತೀರ?’ ಗಂಬೂಟ್ ಅಂದೆ, ಪೇಟೆಗೆ ಬಂದರೆ ಶೂ. ಶೂ ಹಾಕಿಸಿಯೇ ಉದ್ದ ಗುರುತು ಮಾಡಿದರು. ಸೊಂಟದ ಹಿಂದೆ ಎಷ್ಟು ಹಿಡಿಯಬೇಕು ಅಂತ ನಾನೇ ಚಿಮುಟಿ ತೋರಿಸಬೇಕು, ಪಿನ್ ಹಾಕುವುದು ಅವರು. ಆಮೇಲೆ ಸ್ಟೂಲ್ ಎಳೆದು, ‘ಕೂತ್ಕೊಳ್ಳಿ’ ಅಂದರು. ನಿಂತಾಗ ಸರಿ ಇದ್ದ ಸೊಂಟ ಕೂತಾಗ ಬಿಗಿಯುತ್ತದೆ. ಪಿನ್ ಬಿಚ್ಚಿ ಸ್ವಲ್ಪ ಸಡಿಲ ಮಾಡಿ ಮತ್ತೆ ಕೂರಿಸಿದರು. ಪಟ್ಟಿ ಒಳಗೆ ಒಂದು ಬೆರಳು ಹೋಗುವಷ್ಟು ಜಾಗ ಬಿಟ್ಟರು. ‘ಸ್ಕೂಟರಿನಲ್ಲಿ ಕೂರೋರಿಗೆ ಇಷ್ಟು ಬೇಕು’ ಅಂತ ಅವರೇ ಹೇಳಿದ್ದು. ನಾನು ಸ್ಕೂಟರ್ ವಿಷಯ ಎತ್ತಿರಲಿಲ್ಲ. ಕೈಯಲ್ಲಿ ಹೆಲ್ಮೆಟ್ ಇತ್ತು, ನೋಡಿರಬೇಕು.

ಅವತ್ತು ಹೊರಗೆ ಮಳೆ ಬಿಡುವ ಲಕ್ಷಣ ಇರಲಿಲ್ಲ. ಕರೆಂಟೂ ಹೋಯಿತು. ಕಾಲ್ತುಳಿತದ ಮೆಷಿನ್ ಇದ್ದಿದ್ದು ಒಳ್ಳೆಯದೇ ಆಯಿತು. ಬಾಗಿಲ ಬೆಳಕಿಗೆ ಅದನ್ನು ಎಳೆದುಕೊಂಡು ಸೊಂಟದ ಕೆಲಸ ನನ್ನ ಎದುರೇ ಮಾಡಿದರು. ಎಲ್ಲರಿಗೂ ಹೀಗೆ ಮಾಡಿಕೊಡುವುದಿಲ್ಲ, ಮಳೆಗೆ ಗಿರಾಕಿ ಇರಲಿಲ್ಲ ಅಷ್ಟೇ.

ನಡು ಹಿಂಭಾಗದ ಬೆಲ್ಟ್ ಲೂಪ್ ಮೊದಲು ಬಿಚ್ಚಿದರು. ಲೂಪಿನ ಎರಡು ತುದಿಗೂ ಒತ್ತೊತ್ತಾಗಿ ಅಡ್ಡ ಹೊಲಿಗೆ ಇರುತ್ತದೆ, ಬ್ಲೇಡಿನ ಮೂಲೆಯಲ್ಲಿ ಒಂದೊಂದೇ ಎಳೆ ಕತ್ತರಿಸಿದರು. ಆಮೇಲೆ ಸೊಂಟಪಟ್ಟಿಯನ್ನು ಅಂಗೈ ಅಗಲದಷ್ಟು ಬಿಚ್ಚಿದರು. ಅದರ ಕೆಳಗೆ ಎರಡು ಕಾಲು ಸೇರುವ ಸೀಟ್ ಹೊಲಿಗೆ. ಹೊರಗಿಂದ ಎರಡು ಸಾಲು. ಒಳಗೆ ತಿರುಗಿಸಿದರೆ ಸರಪಣಿ ಹೊಲಿಗೆ, ಕುಣಿಕೆಗೆ ಕುಣಿಕೆ ಕೋದುಕೊಂಡಿರುತ್ತದೆ. ಮಾಸ್ಟ್ರು ಒಂದು ಕಡೆಯ ಎಳೆಯನ್ನು ಸೂಜಿಯಲ್ಲಿ ಎಬ್ಬಿಸಿ ಎಳೆದರು. ಸರ್‍ರ್ ಅಂತ ಇಡೀ ಸಾಲು ಬಿಚ್ಚಿಕೊಂಡು ಬಂತು. ಅದೇ ದಾರವನ್ನು ಇನ್ನೊಂದು ತುದಿಯಿಂದ ಎಳೆದರೆ ಬರುವುದಿಲ್ಲವಂತೆ, ಗಂಟು ಬಿದ್ದುಬಿಡುತ್ತದೆ. ಹುಡುಗನಿಗೆ ಅದನ್ನೇ ಕಲಿಸುತ್ತಿದ್ದರು. ಅವನು ತಪ್ಪು ತುದಿ ಹಿಡಿದ, ತಲೆಗೊಂದು ಮೊಟಕು ಬಿತ್ತು.

ಪಕ್ಕದ ಹೊಲಿಗೆಯಲ್ಲಿ ಯಾಕೆ ಹಿಡಿಯಬಾರದು ಅಂತ ಕೇಳಿದೆ. ಅಲ್ಲಿ ಮುಂದಿನ ಜೇಬು ಬಂದು ಸೇರುತ್ತದೆ, ಜೇಬಿನ ಮೂಲೆಗೆ ರಿವೆಟ್ ಇರುತ್ತದೆ. ರಿವೆಟ್ ಮೇಲೆ ಸೂಜಿ ಬಿದ್ದರೆ ಸೂಜಿ ಕತೆ ಮುಗಿಯಿತು. ಅಂದಹಾಗೆ ಆ ತಾಮ್ರದ ಗುಂಡು ಕೂಡ ಒಬ್ಬ ಟೈಲರ್ ತಲೆಯಿಂದಲೇ ಬಂದದ್ದು. ಅಮೆರಿಕದ ನೆವಾಡಾದ ರೀನೋ ಊರಲ್ಲಿದ್ದ ಜೇಕಬ್ ಡೇವಿಸ್, ಕೂಲಿಯವರ ಪ್ಯಾಂಟಿನ ಜೇಬು ಹರಿಯದಿರಲಿ ಅಂತ ಹೊಡೆದದ್ದು. ಬಟ್ಟೆ ಮಾರುತ್ತಿದ್ದ ಲೀವೈ ಸ್ಟ್ರಾಸ್ ಜೊತೆ ಸೇರಿ 1873ರ ಮೇ 20ಕ್ಕೆ ಪೇಟೆಂಟ್ ತಗೊಂಡರು. ಮಾಸ್ಟ್ರಿಗೆ ಈ ಕತೆ ಹೇಳಿದೆ. ‘ಟೈಲರಿಗೆ ಎಷ್ಟು ದುಡ್ಡು ಬಂತಂತೆ?’ ಅಂತ ಕೇಳಿದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಬಿಚ್ಚಿದ ಮೇಲೆ ಸೀಟ್ ಹೊಲಿಗೆಯನ್ನು ಸೊಂಟದಲ್ಲಿ ಜಾಸ್ತಿ, ಕೆಳಗೆ ಬರುತ್ತಾ ಕಡಿಮೆ ಆಗುವ ಹಾಗೆ ಚಾಕ್‌ನಲ್ಲಿ ಇಳಿಜಾರು ಗೆರೆ ಎಳೆದರು. ಆ ಗೆರೆ ಒಂದೇ ಸಲಕ್ಕೆ ಬಂತು, ಅಳಿಸಲಿಲ್ಲ. ಪಟ್ಟಿಯನ್ನೂ ನಡುವೆ ಕತ್ತರಿಸಿ ಜೋಡಿಸಿ, ಜೋಡಣೆಯನ್ನು ಎರಡೂ ಕಡೆಗೆ ಬಿಡಿಸಿ ಇಕ್ಕಿದರು. ಒಟ್ಟು ಹಿಡಿದದ್ದು ಒಂದೂವರೆ ಇಂಚು. ಎರಡು ಇಂಚು ದಾಟಿದರೆ ಹಿಂದಿನ ಎರಡು ಜೇಬು ಒಂದಕ್ಕೊಂದು ಹತ್ತಿರ ಬಂದು ವಿಚಿತ್ರವಾಗಿ ಕಾಣುತ್ತದೆ, ಅಷ್ಟು ದೊಡ್ಡ ಪ್ಯಾಂಟ್ ತರಲೇಬೇಡಿ ಅಂದರು. ದಪ್ಪ ಕೂಡುವ ಜಾಗಕ್ಕೆ ಚಿಕ್ಕ ಸುತ್ತಿಗೆಯಲ್ಲಿ ನಾಲ್ಕು ಪೆಟ್ಟು. ಸುತ್ತಿಗೆ ನೋಡಿ ನನಗೆ ಗಾಬರಿ. ಎಂಟು ಪದರ ಬಟ್ಟೆ ಚಪ್ಪಟೆಯಾಗದಿದ್ದರೆ ಮೆಷಿನ್ ಹತ್ತುವುದಿಲ್ಲ, ಹೊಲಿಗೆ ತಪ್ಪುವುದು ಅಲ್ಲೇ. ಸೂಜಿ ಬದಲಾಯಿಸಿ 18 ನಂಬರ್ ಹಾಕಿದರು. ಆ ಜಾಗ ಬಂದಾಗ ಕಾಲು ತೆಗೆದು ಚಕ್ರವನ್ನು ಕೈಯಲ್ಲೇ ಒಂದೊಂದು ಹೊಲಿಗೆಗೆ ತಿರುಗಿಸಿದರು.

ದಾರದ ವಿಷಯಕ್ಕೆ ಒಂದು ಮಾತು. ಜೀನ್ಸ್ ದಾರ ಬೆಲ್ಲದ ಬಣ್ಣ ಅಂತ ನಾವು ಒಂದೇ ಮಾತಲ್ಲಿ ಹೇಳಿಬಿಡುತ್ತೇವೆ. ಇವರ ಡಬ್ಬಿಯಲ್ಲಿ ಅದರಲ್ಲೇ ಹಲವು ಛಾಯೆ ಇವೆ. ಹಳೆ ಪ್ಯಾಂಟಿನ ದಾರವೂ ಮಾಸಿರುತ್ತದೆ, ಅದಕ್ಕೆ ಹೊಸ ಹೊಳೆಯುವ ದಾರ ಹಾಕಿದರೆ ರಿಪೇರಿ ಮಾಡಿಸಿದ್ದು ದೂರದಿಂದಲೇ ಗೊತ್ತಾಗುತ್ತದೆ. ಅವರು ರೀಲುಗಳನ್ನು ಪ್ಯಾಂಟಿನ ಮೇಲೆ ಇಟ್ಟು ಬಾಗಿಲಿಗೆ ಒಯ್ದು ನೋಡಿ ಆರಿಸಿದರು. ಈಗ ನನ್ನ ಪ್ಯಾಂಟಿನ ಹಿಂದೆ ಲೂಪ್ ಎತ್ತಿ ನೋಡಿದರೆ ಮಾತ್ರ ಪಟ್ಟಿಯ ಜೋಡಣೆ ಕಾಣುತ್ತದೆ.

ಉದ್ದಕ್ಕೆ ಅವರು ಎರಡು ದರ ಹೇಳುತ್ತಾರೆ. ಕತ್ತರಿಸಿ ಮಡಚಿ ಹೊಲಿದರೆ 60 ರೂಪಾಯಿ. ಕಂಪನಿ ಅಂಚು ಹಾಗೇ ಉಳಿಯಬೇಕಾದರೆ 120. ಎರಡನೆಯದನ್ನೇ ಮಾಡಿಸಿ. ಕೆಳಗಿನ ಆ ಅಂಚು ಒಗೆದು ಸವೆದು ಅಲ್ಲಲ್ಲಿ ಬಿಳುಪಾಗಿರುತ್ತದಲ್ವಾ, ಜೀನ್ಸ್ ಅಂದವೇ ಅದು. ಕತ್ತರಿಸಿದರೆ ಹೋಯಿತು. ಇವರು ಅಂಚನ್ನು ಮೇಲಕ್ಕೆ ಮಡಚಿ, ಹಳೆ ಹೊಲಿಗೆಗೆ ತಾಗಿದ ಹಾಗೆ ಸುತ್ತ ಹೊಸ ಹೊಲಿಗೆ ಹಾಕುತ್ತಾರೆ. ಮೂರು ಇಂಚು ಕಡಿಮೆ ಆಗಬೇಕಾದರೆ ಅಂಚು ಬಿಟ್ಟು ಒಂದೂವರೆ ಇಂಚು ಮಡಚಬೇಕು, ಮಡಿಕೆಯಲ್ಲಿ ಅದು ಎರಡರಷ್ಟಾಗುತ್ತದೆ. ಒಳಗಿನ ಹೆಚ್ಚುವರಿ ಬಟ್ಟೆ ಕತ್ತರಿಸಿ ಓವರ್‌ಲಾಕ್, ಕೊನೆಗೆ ಇಸ್ತ್ರಿ. ಕೆಳಕ್ಕೆ ಹೋಗುತ್ತಾ ಸಣ್ಣ ಆಗುವ ಪ್ಯಾಂಟಿಗೆ ಇದು ಸ್ವಲ್ಪ ತಕರಾರು. ಮೇಲಿನ ಸುತ್ತಳತೆ ದೊಡ್ಡದು, ಅಂಚಿನದು ಚಿಕ್ಕದು. ಪಕ್ಕದ ಹೊಲಿಗೆಯಲ್ಲಿ ಸ್ವಲ್ಪ ಹಿಡಿದು ಎರಡನ್ನೂ ಸರಿಹೊಂದಿಸಿದ್ದರು. ನಾನು ಹುಡುಕಿದ್ದಕ್ಕೆ ಕಂಡಿತು.

ನಮ್ಮವರದ್ದೂ ಒಂದು ಜೀನ್ಸ್ ಕೊಟ್ಟೆವು. ದಪ್ಪ ಬಟ್ಟೆ, ಸ್ಟ್ರೆಚ್ ಇಲ್ಲ, ಆನೆ ಕಾಲಿನ ಬಾಟಮ್. ನಮ್ಮವರಿಗೆ ಅದರ ಸುತ್ತಳತೆ 12 ಇಂಚಿಗೆ ಇಳಿಸಬೇಕೆಂಬ ಆಸೆ, ಮಗಳ ಮಾತು ಕೇಳಿ. ಮಾಸ್ಟ್ರು ಏನೂ ಹೇಳದೆ ಬಗ್ಗಿ ಹಿಮ್ಮಡಿಯಿಂದ ಪಾದದ ಮೇಲ್ಭಾಗಕ್ಕೆ ಸುತ್ತ ಟೇಪು ಹಿಡಿದರು. ಹದಿಮೂರೂವರೆ. ‘ಸರ್, 12 ಮಾಡಿಕೊಡ್ತೀನಿ. ಕಾಲು ಹೇಗೆ ಹಾಕ್ತೀರಿ ಅಂತ ನೀವೇ ಹೇಳಿ.’ 14ಕ್ಕೆ ತೀರ್ಮಾನ ಆಯಿತು. ಗಂಬೂಟ್ ಒಳಗೆ ಆರಾಮಾಗಿ ಕೂರುತ್ತದೆ. ಮಂಡಿಯಿಂದ ಕೆಳಗೆ ಒಳ ಹೊಲಿಗೆ, ಹೊರ ಹೊಲಿಗೆ ಎರಡರಲ್ಲೂ ಸಮ ಹಿಡಿದಿದ್ದಾರೆ. ಹೊರಗಿನದ್ದು ಸಾದಾ ಹೊಲಿಗೆ, ಬಿಚ್ಚುವುದು ಸುಲಭ. ಆದ್ದರಿಂದ ಬಹಳ ಕಡೆ ಅಲ್ಲೇ ಅಷ್ಟೂ ಹಿಡಿದು ಕೈತೊಳೆದುಕೊಳ್ಳುತ್ತಾರೆ, ಕಾಲು ತಿರುಚಿಕೊಂಡ ಹಾಗೆ ಕಾಣುತ್ತದೆ. ಎರಡೂ ಕಡೆ ಮಾಡಿದ್ದಕ್ಕೆ 250 ತಗೊಂಡರು. ನನ್ನ ಸೊಂಟಕ್ಕೆ 200.

ಮಗಳ ಪ್ಯಾಂಟ್ ವಾಪಸ್ ಬಂತು, ಮುಟ್ಟದೆ. ತೊಡೆಯಲ್ಲಿ ಬಿಗಿ, ಬಿಡಿಸಿ ಕೊಡಿ ಅಂದಿದ್ದಳು. ಜೀನ್ಸ್‌ನಲ್ಲಿ ಬಿಡಿಸುವುದಕ್ಕೆ ಬಟ್ಟೆ ಎಲ್ಲಿದೆ ಅಂತ ಒಳಗೆ ತಿರುಗಿಸಿ ತೋರಿಸಿದರು. ಚೂಡಿದಾರ್ ಟಾಪಿನ ಹಾಗೆ ಒಳಗೆ ಇಂಚುಗಟ್ಟಲೆ ಬಿಟ್ಟಿರುವುದಿಲ್ಲ. ಇದ್ದ ಅರ್ಧ ಇಂಚನ್ನು ಬಿಡಿಸಿದರೂ ಹಳೆ ಮಡಿಕೆಯ ಗೆರೆ ಕಡುನೀಲಿಯಾಗಿ ಎದ್ದು ಕಾಣುತ್ತದೆ. ಡೆನಿಮ್ ನೂಲಿಗೆ ನೀಲಿ ಬಣ್ಣ ಹೊರಮೈಗೆ ಮಾತ್ರ ಹತ್ತಿರುತ್ತದೆ, ನೂಲಿನ ಒಳಗೆ ಬಿಳಿ. ಉಜ್ಜಿದಷ್ಟೂ ಬಣ್ಣ ಹೋಗುತ್ತದೆ. ಮಡಿಕೆಯೊಳಗೆ ಇದ್ದದ್ದು ಉಜ್ಜಿರುವುದಿಲ್ಲ, ಹೊಸದರ ಹಾಗೇ ಇರುತ್ತದೆ. ಬೇಕಾದರೆ ಪಕ್ಕಕ್ಕೆ ಬೇರೆ ಬಟ್ಟೆ ಪಟ್ಟಿ ಕೂಡಿಸುತ್ತೇನೆ ಅಂದರು. ಕಾಲೇಜಿಗೆ ಹೋಗುವ ಹುಡುಗಿ ಒಪ್ಪುತ್ತಾಳಾ? ಮುಖ ಊದಿಸಿಕೊಂಡು ಬಂದಳು. ಸೀಟಿನ ಎತ್ತರ, ಅಂದರೆ ಹೊಕ್ಕುಳ ಕೆಳಗೆ ಕೂರುವ ಪ್ಯಾಂಟನ್ನು ಮೇಲಕ್ಕೆ ಬರುವ ಹಾಗೆ ಮಾಡಿ ಅಂದರೂ ಇದೇ ಉತ್ತರ. ತೀರಾ ಎಳೆಯುವ ಸ್ಟ್ರೆಚ್ ಬಟ್ಟೆಗೂ ಮೊದಲೇ ಎಚ್ಚರಿಸುತ್ತಾರೆ, ಹೊಲಿಗೆ ಅಲೆಅಲೆಯಾದರೆ ಕೇಳಬೇಡಿ ಅಂತ. ಆಗದ್ದನ್ನು ಆಗಲ್ಲ ಅಂತ ಮುಖದ ಮೇಲೆ ಹೇಳುವುದಕ್ಕೇ ನಾನು ಈ ಅಂಗಡಿಯನ್ನು ಎಲ್ಲರಿಗೂ ಹೇಳುತ್ತಿರುವುದು. ಹಿಂದಿನವರು ಯಾವುದಕ್ಕೂ ಇಲ್ಲ ಅಂದಿರಲಿಲ್ಲ.

ಈಗ ದೂರುಗಳು. ಜಿಪ್. ನಮ್ಮವರ ಹಳೆ ಪ್ಯಾಂಟಿಗೆ ಹಿತ್ತಾಳೆ ಜಿಪ್ ಇತ್ತು, ಹಲ್ಲು ಹೋಗಿತ್ತು. ಅದರ ಬದಲು ನೈಲಾನ್ ಜಿಪ್ ಹಾಕಿದ್ದಾರೆ, ಚೂಡಿದಾರಿಗೆ ಹಾಕುವಂಥದ್ದು. ಕೂತರೆ ತಾನಾಗಿ ಇಳಿಯುತ್ತದೆ. ಬ್ಯಾಂಕಿನ ಕ್ಯೂನಲ್ಲಿ ನಿಂತವರಿಗೆ ಗೊತ್ತಾಗಿ, ನಮ್ಮವರು ಮನೆಗೆ ಬಂದು ನನ್ನ ಮೇಲೆ ಹಾರಾಡಿದರು. ವಾಪಸ್ ಕೊಟ್ಟಾಗ ಮಾಸ್ಟ್ರು, ‘ಹಿತ್ತಾಳೆದು ಮೈಸೂರಿಂದ ತರಿಸಬೇಕು’ ಅಂದರು. ಮೊದಲೇ ಹೇಳಬಹುದಿತ್ತಲ್ವಾ. ಜೀನ್ಸ್ ಜಿಪ್ ನೀವೇ ತಂದುಕೊಟ್ಟರೆ ಹಾಕಿಕೊಡುತ್ತಾರೋ ಏನೋ, ನಾನು ಕೇಳಿಲ್ಲ, ಕೋಪದಲ್ಲಿದ್ದೆ.

ಸಮಯಕ್ಕೆ ಲೆಕ್ಕವಿಲ್ಲ. ಸೋಮವಾರ ಅಂದರೆ ಆ ವಾರದ ಯಾವುದೋ ದಿನ. ರಸೀದಿ ಕೊಡುವುದಿಲ್ಲ. ಬಟ್ಟೆಗೆ ಒಂದು ಚೀಟಿ ಪಿನ್ ಮಾಡಿ ಮೂಟೆಗೆ ಹಾಕುತ್ತಾರೆ, ಹುಡುಗ ಇಲ್ಲದ ದಿನ ನಿಮ್ಮ ಪ್ಯಾಂಟ್ ನೀವೇ ಹುಡುಕಬೇಕು. ಶಾಲೆ ಶುರುವಾಗುವ ಹೊತ್ತಿಗೆ ಯೂನಿಫಾರಂ ರಾಶಿ. ಏಪ್ರಿಲ್, ಮೇನಲ್ಲಿ ಮದುವೆ ಕುಪ್ಯ. ಕೈಲ್ ಮುಹೂರ್ತ, ಹುತ್ತರಿ ಹಬ್ಬ ಹತ್ತಿರ ಬಂದರೆ ಜೀನ್ಸ್ ಕಡೆ ತಿರುಗಿಯೂ ನೋಡುವುದಿಲ್ಲ. ಮಳೆಗಾಲದ ನಡುವೆ ಹೋದರೆ ಬೇಗ ಆಗುತ್ತದೆ, ಒಣಗಿದ ಪ್ಯಾಂಟ್ ನಿಮ್ಮ ಹತ್ತಿರ ಇದ್ದರೆ.

ಶುಕ್ರವಾರ ಸಂತೆ ದಿನ ಬೇಡ, ಆ ಓಣಿ ಹತ್ತಿರ ಸ್ಕೂಟರ್ ನಿಲ್ಲಿಸುವುದಕ್ಕೂ ಜಾಗ ಸಿಗುವುದಿಲ್ಲ. ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕುತ್ತಾರೆ, ಎಷ್ಟು ಹೊತ್ತಿಗೆ ತೆರೆಯುತ್ತಾರೆ ಅನ್ನುವುದು ಮಾಸ್ಟ್ರ ನಿದ್ದೆಗೆ ಬಿಟ್ಟದ್ದು. ಫೋನ್‌ನಲ್ಲಿ ದುಡ್ಡು ಹಾಕಬಹುದು, ನೆಟ್‌ವರ್ಕ್ ಇದ್ದರೆ. ಇಲ್ಲದಿದ್ದರೆ ಮೆಟ್ಟಿಲು ಹತ್ತಿ ರಸ್ತೆಗೆ ಬಂದು ಹಾಕಿ, ಮತ್ತೆ ಇಳಿದು ತೋರಿಸಬೇಕು. ಚಿಲ್ಲರೆ ಇಟ್ಟುಕೊಂಡು ಹೋಗಿ.